ಎರಡು ಸಲ ಸೋತ ಟೀಮು, ಎರಡು ವಿಷಯ ಹೋದ ತಂಗಿ

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವುದು ನಾವು ಕಾಲಲ್ಲಿ ಒದ್ದು ಆಡುವ ಆಟವನ್ನಲ್ಲ. ಅಲ್ಲಿ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಎರಡೂ ತುದಿ ಚೂಪಾದ, ಸುಲಿಯದ ಸಣ್ಣ ತೆಂಗಿನಕಾಯಿಯಂಥ ಚೆಂಡು. ಆಡುವವರು ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು ಹಾಕಿಕೊಂಡು ಟಗರುಗಳ ಹಾಗೆ ಗುದ್ದಾಡುತ್ತಾರೆ. ನಮ್ಮೂರಲ್ಲಿ ಈ ಆಟವನ್ನು ಕೂತು ನೋಡಿದವರು ಯಾರೂ ಇರಲಿಕ್ಕಿಲ್ಲ. ನಾನು ಒಂದು ಸೀಸನ್ ಪೂರ್ತಿ ನೋಡಿದ್ದೇನೆ, ಅದೂ ಸಂಬಳಕ್ಕೆ.

ಪತ್ರಿಕೋದ್ಯಮ ಓದಿ ಬೆಂಗಳೂರಿಗೆ ಬಂದ ಮೇಲೆ ನನಗೆ ಮೊದಲು ಸಿಕ್ಕಿದ್ದು ಪೇಪರ್ ಆಫೀಸಿನ ಕೆಲಸವಲ್ಲ. ಬನ್ನೇರುಘಟ್ಟ ರಸ್ತೆಯ ಒಂದು ಆಫೀಸಿನಲ್ಲಿ ಅಮೆರಿಕದ ಕಾಲೇಜು ಮ್ಯಾಚುಗಳ ವಿಡಿಯೊ ನೋಡಿ, ಒಂದೊಂದು ಆಟಕ್ಕೂ ಗುರುತು ಹಾಕುವ ಕೆಲಸ. ಯಾರು ಚೆಂಡು ಎಸೆದರು, ಯಾರು ಹಿಡಿದರು, ಎಷ್ಟು ಗಜ ಮುಂದೆ ಹೋದರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಬೇಕು. ಅಲ್ಲಿ ಶನಿವಾರ ಮಧ್ಯಾಹ್ನ ಆಟ ಶುರುವಾದರೆ ನಮಗೆ ರಾತ್ರಿ ಒಂಬತ್ತೂವರೆ. ಅಲ್ಲಿಯ ಕೊನೆ ಮ್ಯಾಚು ಮುಗಿಯುವಾಗ ನಮಗೆ ಭಾನುವಾರ ಬೆಳಗ್ಗೆ ಹನ್ನೊಂದು ಕಳೆದಿರುತ್ತದೆ. ನಾನಿದ್ದ ಪೀಜಿ ಅರೆಕೆರೆಯಲ್ಲಿ. ಸಂಜೆ ಕ್ಯಾಬಿಗೆ ಕಾಯುವಾಗ ಅರೆಕೆರೆ ಗೇಟಿನ ಹತ್ತಿರ ಮೆಟ್ರೊ ಕಂಬಗಳ ಕೆಳಗೆ ಜನ ಕೆಲಸ ಮುಗಿಸಿ ಮನೆಗೆ ಹೋಗುತ್ತಿರುತ್ತಿದ್ದರು. ನಮ್ಮ ದಿನ ಆಗ ಶುರು.

ಆಟ ಅರ್ಥವಾಗಲು ನನಗೆ ಸಹಾಯಕ್ಕೆ ಬಂದದ್ದು ಕಬಡ್ಡಿ. ನೀವು ಜಾತ್ರೆಯಲ್ಲಿ ಲೈಟು ಹಾಕಿಸಿ ಆಡಿಸುವ ಕಬಡ್ಡಿ ಟೂರ್ನಮೆಂಟ್ ನೋಡಿದ್ದರೆ ನಿಮಗೂ ಸುಲಭ. ಒಂದು ಕಡೆಗೆ 11 ಜನ. ಮೈದಾನ 100 ಗಜ ಉದ್ದ. ಚೆಂಡು ಇರುವ ಟೀಮಿಗೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ನಾಲ್ಕನೆಯ ಅವಕಾಶ ಅಂದರೆ ಟಿವಿ ಕಬಡ್ಡಿಯ ಡೂ ಆರ್ ಡೈ ರೈಡ್ ಇದ್ದ ಹಾಗೆ. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ 6 ಅಂಕ. ಆಮೇಲೆ ಕಂಬಗಳ ಮಧ್ಯೆ ಒದ್ದರೆ ಇನ್ನೊಂದು. ಗೆರೆ ದಾಟಲು ಆಗದೆ ದೂರದಿಂದಲೇ ಕಂಬಗಳ ಮಧ್ಯೆ ಒದ್ದರೆ 3.

ಬೆಂಗಳೂರಿನ ಹೆಸರಲ್ಲೂ ಈ ಆಟದ ಒಂದು ಟೀಮು ಇತ್ತು. 2012ರಲ್ಲಿ ನಡೆದ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾದಲ್ಲಿ ಬೆಂಗಳೂರು ವಾರ್‌ಹಾಕ್ಸ್ ಅಂತ. ಆ ಲೀಗು ಇಲ್ಲಿ ಬೇರು ಬಿಡಲಿಲ್ಲ. ಅಮೆರಿಕದಲ್ಲಿ ಮಾತ್ರ ಇದು ಹಬ್ಬ. ಅದರಲ್ಲೂ ಕಾಲೇಜು ಹುಡುಗರ ಆಟಕ್ಕೆ ಸೇರುವ ಜನ ನೋಡಿದರೆ ತಲೆ ತಿರುಗುತ್ತದೆ. ಕೊಲಂಬಸ್ ಊರಿನ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಸ್ಟೇಡಿಯಂ 1922ರದ್ದು. ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಎರಡು ಸಲ ತುಂಬಿಸಿದರೂ ಇನ್ನೂ ಜನ ಹೊರಗೆ ಉಳಿಯುವಷ್ಟು.

2024ರ ಆಗಸ್ಟ್‌ನಿಂದ ಜನವರಿವರೆಗೆ ನಾನು ಹೆಚ್ಚು ನೋಡಿದ್ದು ಈ ಒಹಾಯೊ ಸ್ಟೇಟ್ ಟೀಮನ್ನೇ. ಆ ಸೀಸನ್ನಿನ ಕಥೆ ಹೇಳಬೇಕು. ಯಾಕೆಂದರೆ ಅದು ಮುಗಿದ ಮೂರು ತಿಂಗಳಿಗೆ ನಮ್ಮ ಮನೆಯಲ್ಲಿ ಅಂಥದ್ದೇ ಒಂದು ಪಂಚಾಯಿತಿ ನಡೆಯಿತು.

ಆ ಟೀಮಿನಲ್ಲಿ ನಾಲ್ಕನೇ ವರ್ಷದ ಹುಡುಗರು ತುಂಬ ಜನ ಇದ್ದರು. ಅವರಲ್ಲಿ ಕೆಲವರು ಹಿಂದಿನ ವರ್ಷವೇ ಕಾಲೇಜು ಬಿಟ್ಟು ದುಡ್ಡಿನ ದೊಡ್ಡ ಲೀಗಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅವರಿಗೆ ಬಾಕಿ ಇದ್ದದ್ದು ಪಕ್ಕದ ರಾಜ್ಯದ ಮಿಷಿಗನ್ ಟೀಮನ್ನು ಸೋಲಿಸುವುದು. ಎರಡೂ ಟೀಮುಗಳದ್ದು 1897ರಿಂದ ನಡೆದು ಬಂದ ಹಗೆ. ವರ್ಷದ ಕೊನೆಯ ಲೀಗ್ ಮ್ಯಾಚು ಇವರಿಬ್ಬರದೇ. 2021, 2022, 2023, ಮೂರು ವರ್ಷವೂ ಒಹಾಯೊ ಸೋತಿತ್ತು.

ಶುರುವೇನೋ ಜೋರಾಗಿತ್ತು. ಮೊದಲ ಮ್ಯಾಚು 52–6. ಎರಡನೇದು 56–0. ಆದರೆ ಅಕ್ಟೋಬರ್ 12ರಂದು ಆರೆಗನ್ ಟೀಮಿನ ಊರಿಗೆ ಹೋಗಿ ಒಂದೇ ಒಂದು ಅಂಕಕ್ಕೆ ಸೋತರು, 32–31. ನಮಗದು ಭಾನುವಾರ ಬೆಳಗಿನ ಜಾವ ಐದಕ್ಕೆ ಶುರುವಾದ ಆಟ. ಒಹಾಯೊದವರು ಇನ್ನೇನು ದೂರದಿಂದ ಒದ್ದು ಮೂರು ಅಂಕ ತೆಗೆಯಬೇಕು, ಅಷ್ಟರಲ್ಲಿ ಗಡಿಯಾರ ಮುಗಿಯಿತು.

ಆ ಮ್ಯಾಚಿನ ಕೊನೆಯಲ್ಲಿ ಒಂದು ವಿಚಿತ್ರ ನಡೆಯಿತು. 10 ಸೆಕೆಂಡು ಉಳಿದಿದ್ದಾಗ ಆರೆಗನ್ ಕಡೆ ಮೈದಾನದಲ್ಲಿ 11ರ ಬದಲು 12 ಜನ ಇದ್ದರು. ಅದಕ್ಕೆ ದಂಡ 5 ಗಜ. ಆದರೆ ಆ ಆಟದಲ್ಲಿ 4 ಸೆಕೆಂಡು ಕಳೆದುಹೋಯಿತು. ಆ ಹೊತ್ತಲ್ಲಿ 5 ಗಜಕ್ಕಿಂತ 4 ಸೆಕೆಂಡಿನ ಬೆಲೆ ಹೆಚ್ಚು. ಕೆಲವೇ ದಿನಗಳಲ್ಲಿ ಆಟ ನಡೆಸುವವರು ಆ ಕಂಡಿ ಮುಚ್ಚಿದರು. ಅಂಥ ಸಂದರ್ಭದಲ್ಲಿ ನಷ್ಟವಾದ ಟೀಮು ಕೇಳಿದರೆ ಕಳೆದ ಸಮಯ ವಾಪಸ್ ಅಂತಾಯಿತು. ಒಹಾಯೊದವರಿಗೆ ಅದರಿಂದ ಏನೂ ಸಿಗಲಿಲ್ಲ, ಮ್ಯಾಚು ಮುಗಿದಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಮಾತು ಕೂತಿತು. ಆಟವನ್ನು ಆಡುವವರು ಮಾತ್ರ ಗೆಲ್ಲಿಸುವುದಿಲ್ಲ, ಸೋಲಿಸುವುದಿಲ್ಲ. ನಿಯಮ ಬರೆದವರ ಕೈಯೂ ಅದರಲ್ಲಿ ಇರುತ್ತದೆ.

ನವೆಂಬರ್ 30. ಮಿಷಿಗನ್ ಮ್ಯಾಚು. ಆಟ ಕೊಲಂಬಸ್‌ನಲ್ಲೇ. ಒಹಾಯೊ ದೇಶಕ್ಕೆ ಎರಡನೇ ನಂಬರ್ ಟೀಮು. ಮಿಷಿಗನ್ ಆ ವರ್ಷ ಆಗಲೇ ಐದು ಮ್ಯಾಚು ಸೋತು ಪಟ್ಟಿಯಲ್ಲೇ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಎಲ್ಲರೂ ಇದು ಬೇಗ ಮುಗಿಯುವ ಕೆಲಸ ಅಂದುಕೊಂಡಿದ್ದೆವು. ರಾತ್ರಿ ಹತ್ತೂವರೆಗೆ ಶುರುವಾಗಿ ನಡುರಾತ್ರಿ ದಾಟಿದರೂ 10–10 ಸಮ. ಕೊನೆಗೆ 45 ಸೆಕೆಂಡು ಉಳಿದಾಗ ಮಿಷಿಗನ್ ಹುಡುಗ ಚೆಂಡು ಒದ್ದ. 13–10. ನಾಲ್ಕನೇ ವರ್ಷವೂ ಸೋಲು.

ಆಟ ಮುಗಿದ ಮೇಲೆ ಮಿಷಿಗನ್‌ನವರು ತಮ್ಮ ಬಾವುಟ ತಂದು ಮೈದಾನದ ನಡುವೆ ನೆಡಲು ಹೋದರು. ಎರಡೂ ಕಡೆಯವರು ಕೈ ಕೈ ಮಿಲಾಯಿಸಿದರು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದು ಬಿಡಿಸಬೇಕಾಯಿತು. ಒಹಾಯೊ ಕೋಚ್ ರಯಾನ್ ಡೇ ಅವರನ್ನು ಕೆಲಸದಿಂದ ತೆಗೆಯಿರಿ ಅಂತ ಅವರದೇ ಅಭಿಮಾನಿಗಳು ಕೂಗಾಡಿದರು.

ಒಂದು ವರ್ಷದ ಹಿಂದಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಈ ಕಾಲೇಜು ಆಟದಲ್ಲಿ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸಲು ಮೊದಲು ಇಬ್ಬರೇ ಇಬ್ಬರನ್ನು ಆರಿಸಿ ಆಡಿಸುತ್ತಿದ್ದರು. 2014ರಿಂದ ನಾಲ್ಕು ಟೀಮು. ಹತ್ತು ವರ್ಷ ಆ ನಾಲ್ಕರ ಪದ್ಧತಿ ನಡೆಯಿತು. ಆ ಹತ್ತು ವರ್ಷದಲ್ಲಿ ಎರಡು ಮ್ಯಾಚು ಸೋತ ಒಂದು ಟೀಮಿಗೂ ಒಳಗೆ ಜಾಗ ಸಿಗಲಿಲ್ಲ. 2023ರಲ್ಲಂತೂ ಫ್ಲೋರಿಡಾ ಸ್ಟೇಟ್ ಟೀಮು 13ಕ್ಕೆ 13 ಗೆದ್ದರೂ, ಮುಖ್ಯ ಆಟಗಾರನಿಗೆ ಗಾಯವಾಗಿದೆ ಅಂತ ಹೊರಗೆ ಬಿಟ್ಟರು.

2024ರಲ್ಲಿ ನಾಲ್ಕನ್ನು ಹನ್ನೆರಡು ಮಾಡಿದರು. ಎರಡು ಸಲ ಸೋತ ಒಹಾಯೊ ಎಂಟನೇ ನಂಬರಾಗಿ ಒಳಗೆ ಬಂತು.

ಆಮೇಲೆ ನಡೆದದ್ದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಡಿಸೆಂಬರ್ 21ಕ್ಕೆ ಟೆನೆಸಿ ಮೇಲೆ 42–17. ಜನವರಿ 1ಕ್ಕೆ ಅದೇ ಆರೆಗನ್, ಆ ವರ್ಷ ಒಂದೂ ಸೋಲದ ಒಂದನೇ ನಂಬರ್ ಟೀಮು. ನಮಗೆ ಜನವರಿ 2ರ ಬೆಳಗಿನ ಜಾವ. ಅರ್ಧ ಆಟ ಆಗುವ ಮೊದಲೇ ಒಹಾಯೊ 34–0 ಮುಂದಿತ್ತು. ಮುಗಿದಾಗ 41–21. ಜನವರಿ 10ಕ್ಕೆ ಟೆಕ್ಸಸ್. ಒಹಾಯೊ 21–14 ಮುಂದಿದ್ದರೂ ಟೆಕ್ಸಸ್ ಟೀಮು ಕೊನೆಗೆರೆಗೆ ಒಂದೇ ಗಜದ ಹತ್ತಿರ ಬಂದಿತ್ತು. ಅಲ್ಲಿಂದ ಹಿಂದೆ ತಳ್ಳಿದರು. ನಾಲ್ಕನೇ ಅವಕಾಶದಲ್ಲಿ ಜ್ಯಾಕ್ ಸಾಯರ್ ಅನ್ನುವ ಒಹಾಯೊ ಹುಡುಗ ಚೆಂಡು ಎಸೆಯುವವನನ್ನೇ ಹಿಡಿದು, ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿದ. ಮಿಷಿಗನ್ ಎದುರು ನಾಲ್ಕು ವರ್ಷವೂ ಸೋತವರಲ್ಲಿ ಅವನೂ ಒಬ್ಬ. ಅವನು ಬೀಳಿಸಿದ್ದು ಹಿಂದೆ ಒಹಾಯೊದಲ್ಲಿ ತನ್ನ ರೂಮಿನಲ್ಲೇ ಇದ್ದ ಗೆಳೆಯನನ್ನು.

ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ಫೈನಲ್, ನೋಟರ್ ಡೇಮ್ ಎದುರು. 31–7 ಮುಂದಿದ್ದವರು 31–23ಕ್ಕೆ ಬಂದು ಎದೆ ಢವಗುಟ್ಟಿಸಿ, ಕೊನೆಗೆ 34–23ಕ್ಕೆ ಗೆದ್ದರು. ನಮಗದು ಮಂಗಳವಾರ ಬೆಳಗ್ಗೆ. ಎರಡು ತಿಂಗಳ ಹಿಂದೆ ತಮ್ಮ ಮೈದಾನದಲ್ಲೇ ಮಾನ ಕಳೆದುಕೊಂಡವರು ದೇಶದ ಚಾಂಪಿಯನ್.

ಈಗ ನಮ್ಮ ಮನೆಗೆ ಬನ್ನಿ. ಶಿರಾ ತಾಲ್ಲೂಕಿನ ಒಂದು ಊರು. ಮಳೆ ನಂಬಿದ ಹೊಲ. ನನ್ನ ತಂಗಿ ಆ ವರ್ಷ ಸೆಕೆಂಡ್ ಪಿಯುಸಿ, ಕಾಮರ್ಸ್. 2025ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದಳು. ಏಪ್ರಿಲ್ ಎರಡನೇ ವಾರ ರಿಸಲ್ಟ್ ಬಂತು. ಅಕೌಂಟೆನ್ಸಿ, ಇಂಗ್ಲಿಷ್ ಎರಡರಲ್ಲೂ ಡುಮ್ಕಿ.

ನಮ್ಮ ಕಡೆ ಹೆಣ್ಣುಮಗಳು ಫೇಲಾದಳು ಅಂದರೆ ಅದು ಮಾರ್ಕ್ಸ್ ಸುದ್ದಿಯಾಗಿ ಉಳಿಯುವುದಿಲ್ಲ, ಮದುವೆ ಸುದ್ದಿಯಾಗುತ್ತದೆ. ಎರಡೇ ದಿನಕ್ಕೆ ದೊಡ್ಡಪ್ಪ ಒಂದು ಗಂಡಿನ ವಿಷಯ ಎತ್ತಿದರು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಓದಿದ್ದು ಸಾಕು ಬಿಡಮ್ಮ. ನಿನ್ನ ಹಣೇಲಿ ಇರೋದು ಇಷ್ಟೇ ಅಂತ ಕಾಣ್ತದೆ" ಅಂತ ಮೆಲ್ಲಗೆ ಹೇಳಿದರು. ಅವಳು ಅಟ್ಟದ ಮೇಲೆ ಪುಸ್ತಕ ಎತ್ತಿಟ್ಟಳು.

ನಾನು ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ಒಂದೇ. ಆ ವರ್ಷ ಪರೀಕ್ಷೆ ಒಂದಲ್ಲ, ಮೂರು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2023–24ರಿಂದ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಅಂತ ಮಾಡಿತ್ತು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಇಟ್ಟುಕೊಳ್ಳಬಹುದಿತ್ತು. ಮೊದಲು 'ಸಪ್ಲಿಮೆಂಟರಿ' ಅನ್ನುವ ಹೆಸರೇ ಒಂದು ಕಳಂಕ ಆಗಿತ್ತು. ಈಗ ಆ ಹೆಸರು ಹೋಗಿ ಬರೀ ನಂಬರ್ ಉಳಿದಿತ್ತು. ಎರಡನೇ ಪರೀಕ್ಷೆಗೆ ಇನ್ನು ಹದಿನೈದು ದಿನವಷ್ಟೇ ಇತ್ತು.

ಅಪ್ಪ ನನ್ನ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರನ್ನು ಒಪ್ಪಿಸಿದ್ದು ಅಮ್ಮ. ಊಟಕ್ಕೆ ಕೂತಾಗ ಅಮ್ಮ ಕೇಳಿದಳಂತೆ: "ಮುಂಗಾರಲ್ಲಿ ಕಡ್ಲೆಕಾಯಿ ಕೈ ಕೊಡ್ತು. ಹೊಲ ಮಾರ್ಬಿಟ್ರಾ? ಹುರುಳಿ ಚೆಲ್ಲಿದ್ರಿ ತಾನೆ?"

ಮಳೆ ಹೊಲದ ರೈತನಿಗೆ ಈ ಮಾತಿಗೆ ಎದುರುತ್ತರ ಇಲ್ಲ. ಮೊದಲ ಬೆಳೆ ಹೋದರೆ ಎರಡನೇದು ಹಾಕುವುದು ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಪದ್ಧತಿ. ಅದನ್ನು ಯಾರೂ ಸೋಲು ಅನ್ನುವುದಿಲ್ಲ. ಹೊಲಕ್ಕೆ ಕೊಡುವ ಅವಕಾಶವನ್ನು ಮಗಳಿಗೆ ಕೊಡಲು ಮಾತ್ರ ಒಬ್ಬರು ನೆನಪಿಸಬೇಕಾಯಿತು.

ಎರಡನೇ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾಯಿತು. ಅಕೌಂಟೆನ್ಸಿ ಮತ್ತೆ ಹೋಯಿತು. ಜೂನ್‌ನಲ್ಲಿ ಮೂರನೇದು ಬರೆದಳು. ಪಾಸು. ಅಂಕ ಹೇಳಿಕೊಳ್ಳುವಂಥದ್ದಲ್ಲ, ಸಾಕಾಗುವಷ್ಟು. ಈಗ ಬಿಕಾಂ ಓದುತ್ತಿದ್ದಾಳೆ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ಸತ್ಯ ಆಗುವುದಿಲ್ಲ.

ಹನ್ನೆರಡು ಟೀಮಿನ ಪದ್ಧತಿ ಬಂದಾಗ ಅಮೆರಿಕದಲ್ಲಿ ಹಲವರು ತಕರಾರು ತೆಗೆದರು. ಸೋತವರಿಗೂ ಜಾಗ ಕೊಟ್ಟರೆ ಗೆಲುವಿಗೆ ಏನು ಬೆಲೆ ಅಂತ. ಮೂರು ಪರೀಕ್ಷೆ ಬಂದಾಗ ಇಲ್ಲೂ ಅದೇ ಮಾತು ಕೇಳಿದೆ. ಮಕ್ಕಳಿಗೆ ಭಯವೇ ಹೋಗುತ್ತದೆ, ಮೇಷ್ಟ್ರಿಗೆ ಬೇಸಿಗೆ ರಜೆಯೂ ಇಲ್ಲ ಅಂತ. ಮೇಷ್ಟ್ರ ರಜೆಯ ಮಾತು ನಿಜ. ಭಯದ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೇ ಅವಕಾಶ ಸಿಕ್ಕಿದ್ದರಿಂದ ಒಹಾಯೊ ಹುಡುಗರ ಮಿಷಿಗನ್ ಸೋಲು ಅಳಿಸಿ ಹೋಗಲಿಲ್ಲ. 13–10 ಅನ್ನುವುದು ದಾಖಲೆಯಲ್ಲಿ ಹಾಗೇ ಇದೆ. ಆ ನಾಲ್ಕನೇ ವರ್ಷದ ಹುಡುಗರು ಚಾಂಪಿಯನ್ ಆಗಿಯೂ ಮಿಷಿಗನ್ನನ್ನು ಒಂದು ಸಲವೂ ಸೋಲಿಸದೆಯೇ ಕಾಲೇಜು ಬಿಟ್ಟರು. ಸೋಲು ಉಳಿಯುತ್ತದೆ. ಕೊನೆಯದಾಗಿ ಉಳಿಯಬೇಕೇ ಅನ್ನುವುದಷ್ಟೇ ಪ್ರಶ್ನೆ.

ಇನ್ನೊಂದು ಮಾತು ದುಡ್ಡಿನದು. ಟೀಮುಗಳನ್ನು ನಾಲ್ಕರಿಂದ ಹನ್ನೆರಡು ಮಾಡಿದ್ದು ಕರುಣೆಯಿಂದ ಮಾತ್ರ ಅಲ್ಲ. ಮ್ಯಾಚು ಹೆಚ್ಚಾದರೆ ಟಿವಿ ದುಡ್ಡು ಹೆಚ್ಚು. ಒಹಾಯೊ ಕೂಡ ಪಾಪದ ಟೀಮಲ್ಲ. 2021ರಿಂದ ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು ಅಂತಾದ ಮೇಲೆ, ಆ ವರ್ಷ ಒಹಾಯೊ ಆಟಗಾರರಿಗೆ ಹೋದದ್ದು ಸುಮಾರು 2 ಕೋಟಿ ಡಾಲರ್ ಅಂತ ಅವರ ಯೂನಿವರ್ಸಿಟಿಯ ಕ್ರೀಡಾ ಮುಖ್ಯಸ್ಥರೇ ಹೇಳಿದ್ದಾರೆ. ಬೇರೆ ಕಾಲೇಜುಗಳಿಂದ ಒಳ್ಳೊಳ್ಳೆ ಆಟಗಾರರು ಬಂದು ಸೇರಿದ್ದರು. ಸೋತ ಮೇಲೆ ಅವರಿಗೆ ಡಾಕ್ಟರು, ಕೋಚು, ಊಟ, ಮೈದಾನ ಎಲ್ಲ ಇತ್ತು. ಬಾಗಿಲು ತೆರೆದಾಗ ನುಗ್ಗುವ ಶಕ್ತಿಯೂ ಇತ್ತು.

ನನ್ನ ತಂಗಿಗೆ ಬಾಗಿಲು ತೆರೆದಾಗ ಏನಿತ್ತು? ಕಾಲೇಜಿಗೆ ರಜೆ. ಊರಿಂದ ಶಿರಾಕ್ಕೆ ಬಸ್ಸು ದಿನಕ್ಕೆ ಎರಡು. ಅಕೌಂಟೆನ್ಸಿ ಹೇಳಿಕೊಡುವವರು ಊರಲ್ಲಿ ಒಬ್ಬರೂ ಇಲ್ಲ. ಅವಳ ಕಾಲೇಜಿನ ಒಬ್ಬ ಮೇಡಂ ತಮ್ಮ ಮನೆಯಲ್ಲೇ ಕೂರಿಸಿ ಹೇಳಿಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸಿಗೆ, ಬಸ್ಸಿಗೆ, ಗೈಡಿಗೆ ನನ್ನ ನೈಟ್ ಶಿಫ್ಟಿನ ದುಡ್ಡು ಹೋಯಿತು. ಮನೆಗೆಲಸದ ಪಾಲನ್ನು ಅಮ್ಮ ತನ್ನ ಮೇಲೆ ಹಾಕಿಕೊಂಡಳು. ಇದರಲ್ಲಿ ಒಂದು ತಪ್ಪಿದ್ದರೂ ಆ ಮೂರನೇ ಪರೀಕ್ಷೆ ಕಾಗದದ ಮೇಲಷ್ಟೇ ಇರುತ್ತಿತ್ತು. ಅವಳ ಜೊತೆ ಫೇಲಾದ ಇನ್ನಿಬ್ಬರು ಹುಡುಗಿಯರಲ್ಲಿ ಒಬ್ಬಳು ಎರಡನೇದಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಅವಳಿಗೆ ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಅವಳು ನನ್ನ ತಂಗಿಗಿಂತ ಜಾಣೆ. ಅವಳ ಮನೆಯಲ್ಲಿ ಹುರುಳಿಯ ಮಾತು ಆಡುವವರು ಇರಲಿಲ್ಲ, ಅಷ್ಟೇ.

ಅದಕ್ಕೇ ಇದನ್ನು ಓದುವ ನಿಮ್ಮಲ್ಲಿ ಒಂದು ಮಾತು. ರಿಸಲ್ಟ್ ಬಂದ ದಿನ ನಿಮ್ಮ ಬೀದಿಯಲ್ಲಿ ಯಾವ ಮಗುವಾದರೂ ಫೇಲಾಗಿದ್ದರೆ, ಎಷ್ಟು ಬಂತು ಅಂತ ಕೇಳುವ ಬದಲು ಮುಂದಿನ ಪರೀಕ್ಷೆಗೆ ಅರ್ಜಿ ಹಾಕಲು ಕೊನೆ ದಿನ ಯಾವುದು ಅಂತ ಕೇಳಿ. ನಿಮಗೆ ಗೊತ್ತಿಲ್ಲದಿದ್ದರೆ ಕಾಲೇಜಿಗೆ ಹೋಗಿ ವಿಚಾರಿಸಿ. ಪರೀಕ್ಷೆಯ ಪದ್ಧತಿ ವರ್ಷ ವರ್ಷಕ್ಕೆ ಬದಲಾಗುತ್ತದೆ, ವಾಟ್ಸಾಪ್ ಸುದ್ದಿ ನಂಬಬೇಡಿ. ಬೈಕ್ ಇದ್ದವರು ಒಂದು ದಿನ ಸೆಂಟರಿಗೆ ಬಿಟ್ಟು ಬನ್ನಿ. ಓದಿದವರು ಎರಡು ಸಂಜೆ ಹೇಳಿಕೊಡಿ. ನಿಯಮ ಬರೆಯುವವರು ಬಾಗಿಲು ತೆರೆಯಬಹುದು, ಬಾಗಿಲವರೆಗೆ ಕರೆದುಕೊಂಡು ಹೋಗುವವರು ಊರವರೇ.

ಪಾಸಾದ ಮೇಲೆ ಒಂದು ದಿನ ತಂಗಿಗೆ ಈ ಒಹಾಯೊ ಕಥೆ ಪೂರ್ತಿ ಹೇಳಿದೆ. ಲಕ್ಷ ಜನರ ಎದುರು ಸೋತದ್ದು, ಬಾವುಟ, ಪೆಪ್ಪರ್ ಸ್ಪ್ರೇ, ಆಮೇಲೆ ನಾಲ್ಕು ಗೆಲುವು. ಸುಮ್ಮನೆ ಕೇಳಿಸಿಕೊಂಡು ಅಂದಳು: "ಅವರೇ ವಾಸಿ ಅಕ್ಕ. ಲಕ್ಷ ಜನ ಬೈದು ಅವರವರ ಮನೆಗೆ ಹೋದ್ರು. ನನ್ನನ್ನು ಬೈದೋರು ದಿನಾ ಬೆಳಗ್ಗೆ ನಲ್ಲಿ ಹತ್ರ ಸಿಗ್ತಾರೆ." ಆಮೇಲೆ ಸ್ವಲ್ಪ ತಡೆದು, "ಈಗ ಅವರ ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡು ಅಂತ ಬರ್ತಾವ್ರೆ" ಅಂದಳು.